ಸತ್ಯಾಂಶ: ಆಕ್ಷೇಪಣೆಗೆ ಬರೀ 7 ದಿನ ಅಲ್ಲ

‘ಹುಡಾ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ಪ್ರಕಟಣೆಗೆ 7 ದಿನದಲ್ಲಿ ಆಕ್ಷೇಪಣೆ ಕೊಡದಿದ್ದರೆ ಮುಗೀತು’ ಎಂಬ ಫಾರ್ವರ್ಡ್ ಹುಬ್ಬಳ್ಳಿ-ಧಾರವಾಡದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ, ಮಾಸ್ಟರ್ ಪ್ಲಾನ್ (ಊರಿನ ಯಾವ ಜಾಗ ಯಾವ ಬಳಕೆಗೆ ಎಂದು ಹೇಳುವ ಯೋಜನೆ) ಕರಡು ಪ್ರಕಟವಾದರೆ ಜನರು ಅಭಿಪ್ರಾಯ ಬರೆದುಕೊಡಲು 60 ದಿನ ಇರುತ್ತದೆ. ಜಾರಿಯಲ್ಲಿರುವ ಪ್ಲಾನ್‌ನಲ್ಲಿ ವಸತಿ ಜಾಗವನ್ನು ವಾಣಿಜ್ಯಕ್ಕೆ ಬದಲಿಸುವಂಥ ಪ್ರಸ್ತಾವಕ್ಕೆ ಕನಿಷ್ಠ 15 ದಿನ. ಅದನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಲೇಬೇಕು.

ಜಾಸ್ತಿ ಜನ ಎಡವುವುದು ಎಣಿಕೆಯಲ್ಲಿ. ಸುದ್ದಿ ನಿಮಗೆ ಗೊತ್ತಾದ ದಿನದಿಂದಲ್ಲ, ಪ್ರಕಟವಾದ ದಿನದಿಂದಲೇ ಲೆಕ್ಕ ಶುರು. ನೆರೆಯವರು ಹೇಳುವ ಹೊತ್ತಿಗೆ ಅರ್ಧ ಅವಧಿ ಕಳೆದಿರಬಹುದು, ಅಲ್ವಾ? ಅದಕ್ಕೇ ಫಾರ್ವರ್ಡ್ ನಂಬಿ ಸುಮ್ನೆ ಕೂರಬೇಡಿ. ಮೂಲ ಪ್ರಕಟಣೆಯಲ್ಲಿ ಕೊನೆಯ ದಿನಾಂಕ ನೋಡಿ. ಸರ್ವೆ ನಂಬರ್ ಮತ್ತು ನಿಮ್ಮ ಕಾರಣ ಬರೆದುಕೊಟ್ಟು, ನಿಮ್ಮ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.