ಮಗಳ ಪುಸ್ತಕಕ್ಕೆ ಬೈಂಡ್ ಹಾಕಿದ ದಿನ

ಹೋದ ತಿಂಗಳು ಮಗಳು ಶಾಲೆಯಿಂದ ಭೂಗೋಳದ ಪುಸ್ತಕ ತಂದಳು. ಅಚ್ಚಾದ ಪುಸ್ತಕ. ನಾಲ್ಕನೇ ಕ್ಲಾಸಿಗೆ ಬಂದ ಮೇಲೆ ಮೊದಲ ಸಲ ಪಠ್ಯಪುಸ್ತಕ ಅಂತ ಒಂದು ಅವಳ ಚೀಲದಲ್ಲಿ ಕಂಡಿದ್ದು. ಇಲ್ಲಿಯವರೆಗೆ ಹೆಚ್ಚೂಕಮ್ಮಿ ಎಲ್ಲಾ ಟ್ಯಾಬಲ್ಲೇ ನಡೀತಿತ್ತು. "ಅಪ್ಪಾ, ಇದನ್ನ ಹಾಳು ಮಾಡಬಾರದಂತೆ" ಅಂದಳು. ನನಗೆ ಕೈ ಸುಮ್ಮನಿರಲಿಲ್ಲ. ದಿನಸಿ ತಂದ ಕಂದು ಕಾಗದದ ಚೀಲ ಕತ್ತರಿಸಿ, ಮೂಲೆ ಮಡಚಿ, ಬೈಂಡ್ ಹಾಕಿದೆ. ಲೇಬಲ್ ಇರಲಿಲ್ಲ. ಪೆನ್ನಲ್ಲೇ ಚೌಕ ಎಳೆದು ಹೆಸರು ಬರೆದಳು. ಜೂನ್ ತಿಂಗಳ ಆ ವಾಸನೆ ಮನೆಯೊಳಗೆ ಬಂದ ಹಾಗಾಯ್ತು.

ನಾವಿರುವುದು ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ. ಇಲ್ಲೂ ಮಳೆ ಜಾಸ್ತಿ, ಆದರೆ ನಮ್ಮ ಸೋಮವಾರಪೇಟೆ ಮಳೆ ಹಾಗೆ ಹೊಡೆಯೋದಿಲ್ಲ. ಅಷ್ಟರಲ್ಲೇ ಊರಿಂದ ಅಣ್ಣನ ಫೋನು ಬಂತು. ಅವನ ಮಗನಿಗೆ ಈ ವರ್ಷದಿಂದ ಶಾಲೆಯಲ್ಲಿ ಟ್ಯಾಬ್ ಕಡ್ಡಾಯ. ದುಡ್ಡು ಮನೆಯವರೇ ಹಾಕಬೇಕು. ಪುಸ್ತಕ ಇನ್ನು ಬೇಡವಂತೆ. "ನಿಮ್ಮಲ್ಲೆಲ್ಲಾ ಮಕ್ಕಳು ಟ್ಯಾಬಲ್ಲೇ ಓದೋದಲ್ವೇನೋ? ನಮ್ಮೂರಿಗೂ ಬಂತು ನೋಡು" ಅಂದ. ದನಿಯಲ್ಲಿ ಹೆಮ್ಮೆ ಇತ್ತು. ಮೆಣಸು ಮಾರಿದ ದುಡ್ಡು ಅದಕ್ಕೇ ಹಾಕಿದ್ದಾನೆ. ನನ್ನ ಕೈಲಿ ಇನ್ನೂ ಕತ್ತರಿ ಇತ್ತು. ಏನು ಹೇಳಬೇಕೋ ತಿಳಿಯಲಿಲ್ಲ.

ಇಲ್ಲಿ ವರ್ಷಗಟ್ಟಲೆ ಟ್ಯಾಬು, ಲ್ಯಾಪ್‌ಟಾಪು ಕೊಟ್ಟು ನೋಡಿದ್ದಾರೆ. ಶಾಲೆಯೇ ಕೊಡುತ್ತೆ, ಅಪ್ಪ ಅಮ್ಮ ಒಂದು ಕಾಸು ಬಿಚ್ಚಬೇಕಾಗಿಲ್ಲ. ಈಗ ಅದೇ ಜನ ಪುಸ್ತಕದ ಕಡೆ ತಿರುಗಿದ್ದಾರೆ. ನಾಲ್ಕನೇ ಕ್ಲಾಸಿನ ಮಕ್ಕಳ ಓದು ಅಳೆಯುವ ಪಿರ್ಲ್ಸ್ ಪರೀಕ್ಷೆಯಲ್ಲಿ 2016ರಲ್ಲಿ 555 ಇದ್ದ ಸ್ವೀಡನ್ನಿನ ಅಂಕ 2021ರಲ್ಲಿ 544ಕ್ಕೆ ಇಳಿಯಿತು. 2023ರಲ್ಲಿ ಸರ್ಕಾರ ಶಾಲೆಗಳಿಗೆ ಪುಸ್ತಕ ಕೊಳ್ಳೋಕೆ ಅಂತಲೇ 68.5 ಕೋಟಿ ಕ್ರೋನಾ ತೆಗೆದಿಟ್ಟಿತು.

ಅಂಕ ಬಿಡಿ, ನಾನು ಕಣ್ಣಾರೆ ನೋಡಿದ್ದು ಹೇಳ್ತೀನಿ. ಹೋದ ಚಳಿಗಾಲ ಅಮ್ಮನಿಗೆ ಕನ್ನಡದಲ್ಲಿ ಕಾಗದ ಬರಿ ಅಂತ ಮಗಳನ್ನ ಕೂರಿಸಿದೆ. ಮಾತಾಡೋಕೆ ಬರುತ್ತೆ, ಅಕ್ಷರವೂ ಗೊತ್ತು. ಆದರೆ ಪೆನ್ಸಿಲ್ ಹಿಡಿದ ಬೆರಳು ಬೆಳ್ಳಗಾಗುವಷ್ಟು ಒತ್ತುತ್ತಿದ್ದಳು. ನಾಲ್ಕು ಸಾಲಿಗೆ ಕೈ ನೋವು ಅಂತ ನಿಲ್ಲಿಸಿದಳು. 'ಅಜ್ಜಿ'ಯ ಒತ್ತಕ್ಷರ ಮೂರು ಸಲ ಅಳಿಸಿ ಕಾಗದವೇ ತೂತಾಯ್ತು. ಟ್ಯಾಬ್ ಮೇಲೆ ಅದೇ ಬೆರಳು ಹೇಗೆ ಓಡುತ್ತೆ! ನೋಡಿ ಹೊಟ್ಟೆ ಚುರುಕ್ ಅಂತು.

ಅದಕ್ಕೇ ಅಣ್ಣನ ಮಾತು ಅಷ್ಟು ಚುಚ್ಚಿತು. ಇಲ್ಲಿಯವರು ಕೆಳಗಿಳಿಸುತ್ತಿರುವ ಹೊರೆಯನ್ನ ನಾವು ದುಡ್ಡು ಸುರಿದು ತಲೆ ಮೇಲೆ ಎತ್ತಿಕೊಳ್ಳೋದು ಯಾಕೆ? ನಮ್ಮೂರಿನ ಮಳೆಗಾಲ ಆ ಶಾಲೆಯವರಿಗೆ ಗೊತ್ತಿಲ್ವಾ? ಸಿಲ್ವರ್ ಮರ ಲೈನ್ ಮೇಲೆ ಬಿದ್ದರೆ ಎರಡು ಮೂರು ದಿನ ಕರೆಂಟಿಲ್ಲ. 2018ರ ಆಗಸ್ಟಿನಲ್ಲಂತೂ ರಸ್ತೆಯೇ ಇರಲಿಲ್ಲ. ನಾವು ಓದುವಾಗ ಎಷ್ಟು ಪ್ಲಾಸ್ಟಿಕ್ ಸುತ್ತಿದರೂ ಪುಸ್ತಕ ನೆನೆಯೋದು. ಅಮ್ಮ ಒಲೆ ಪಕ್ಕ ನಿಲ್ಲಿಸಿ ಒಣಗಿಸುತ್ತಿದ್ದಳು. ಹಾಳೆ ಹಪ್ಪಳದ ಹಾಗೆ ಸುರುಟಿಕೊಂಡು ಹೊಗೆ ವಾಸನೆ ಹೊಡೆದರೂ ಮಾರನೇ ದಿನ ಓದೋಕೆ ಬರುತ್ತಿತ್ತು. ನೆನೆದ ಟ್ಯಾಬನ್ನ ಯಾವ ಒಲೆ ಪಕ್ಕ ಇಡೋಣ?

ಇದನ್ನೆಲ್ಲಾ ಅಣ್ಣನಿಗೆ ಹೇಳಿದೆ. ಅವನು ಸುಮ್ನೆ ಕೇಳಿಸಿಕೊಂಡ. ಆಮೇಲೆ ಫೋನನ್ನ ಮಗನ ಕೈಗೆ ಕೊಟ್ಟ.

"ಚಿಕ್ಕಪ್ಪ, ಇಲ್ನೋಡಿ" ಅಂತ ಅವನು ಹೊಸ ಟ್ಯಾಬನ್ನ ಕ್ಯಾಮೆರಾಕ್ಕೆ ಹಿಡಿದ. ಅದರ ನಕ್ಷೆಯಲ್ಲಿ ತಲಕಾವೇರಿಯಿಂದ ಶುರು ಮಾಡಿ ಬೆರಳಲ್ಲೇ ಕಾವೇರಿ ಹೊಳೆ ಹಿಡಿದು ಹೊರಟ. ಭಾಗಮಂಡಲ, ಕುಶಾಲನಗರ, ಕೆಆರ್‌ಎಸ್ ದಾಟಿ ತಮಿಳುನಾಡಿನ ಸಮುದ್ರದವರೆಗೆ, ಸುಮಾರು 800 ಕಿಲೋಮೀಟರ್. ಮತ್ತೆ ವಾಪಸ್ ಬಂದು ನಮ್ಮ ತೋಟದ ಮೇಲೆ ನಿಂತ. "ನಮ್ಮನೆ ಹೆಂಚು ಕಾಣುತ್ತೆ, ಅಜ್ಜಿ ಒಣಗಿಸಿದ ಕಾಫಿನೂ ಕಾಣುತ್ತೆ!" ನನ್ನ ಭೂಗೋಳದ ಪುಸ್ತಕದಲ್ಲಿ ಕಾವೇರಿ ಒಂದು ನೀಲಿ ಗೆರೆ ಆಗಿತ್ತು, ಅಷ್ಟೇ. ಒಪ್ಪಿಕೊಳ್ಳಲೇಬೇಕು. 2020ರಲ್ಲಿ ಶನಿವಾರಸಂತೆ ಕಡೆಯ ಸರ್ಕಾರಿ ಶಾಲೆ ಮೇಷ್ಟ್ರೊಬ್ಬರು ನೆಟ್‌ವರ್ಕ್ ಸಿಗಲಿ ಅಂತ ಮರದ ಮೇಲೆ ಅಟ್ಟಣೆ ಕಟ್ಟಿ ಪಾಠ ಮಾಡಿದ್ದೂ ನೆನಪಾಯ್ತು. ಆಗ ಪರದೆ ಬಿಟ್ಟರೆ ಮಕ್ಕಳಿಗೆ ಬೇರೆ ದಾರಿ ಇರಲಿಲ್ಲ. ಇಲ್ಲಿನ ಅಂಕ ಇಳಿದಿದ್ದೂ ಟ್ಯಾಬೊಂದರಿಂದಲೇ ಅಂತ ಹೇಳೋಕಾಗಲ್ಲ, ನಡುವೆ ಕೊರೊನಾ ಬಂದಿತ್ತು.

ಕೊನೆಗೆ ಅಣ್ಣನ ಹತ್ತಿರ ಒಂದೇ ಕೇಳಿಕೊಂಡೆ. ಟ್ಯಾಬ್ ಇರಲಿ, ಆದರೆ ಪುಸ್ತಕ ಬೇಡ ಅನ್ನೋದನ್ನ ಒಪ್ಪಬೇಡ, ದಿನಕ್ಕೊಂದು ಪುಟ ಕೈಯಲ್ಲಿ ಬರೆಸೋಕೆ ಹೇಳು. ಶನಿವಾರ ಪೋಷಕರ ಸಭೆ ಇದೆಯಂತೆ, ಕೇಳ್ತೀನಿ ಅಂದಿದ್ದಾನೆ. ಹಳೇ ಪುಸ್ತಕಗಳನ್ನ ಅತ್ತಿಗೆ ಇನ್ನೂ ರದ್ದಿಗೆ ಹಾಕಿಲ್ಲ.