ಚಂದಾ ಕಟ್ಟಿ ನೋಡುವ ಸಿನಿಮಾ ವಾಹಿನಿ ಇನ್ನೂ ಬೇಕೆ? ನೆದರ್ಲೆಂಡ್ಸಿನ ಫಿಲ್ಮ್‌ನೆಟ್‌ನಿಂದ ಫಿಲ್ಮ್1ರವರೆಗೆ

ಪರ

ಬೇಕು, ಈ ವಾಹಿನಿಯ ಮೂಲಕ್ಕೆ ಹೋದರೆ ಕಾರಣ ತಿಳಿಯುತ್ತದೆ. 1985ರ ಮಾರ್ಚ್ 29ರಂದು ಚಂದಾ ಸಿನಿಮಾ ವಾಹಿನಿ ಫಿಲ್ಮ್‌ನೆಟ್ ಪ್ರಸಾರ ಆರಂಭಿಸಿದಾಗ ನೆದರ್ಲೆಂಡ್ಸಿಗೆ ತನ್ನದೆಂದು ಇದ್ದದ್ದು ಎರಡು ಸಾರ್ವಜನಿಕ ವಾಹಿನಿಗಳು. ಮೂರನೆಯದು 1988ರಲ್ಲಿ ಬಂತು. ಜಾಹೀರಾತಿನ ಆದಾಯ ನಂಬಿದ ಖಾಸಗಿ ವಾಹಿನಿ ಆರ್‌ಟಿಎಲ್ ವೆರೋನಿಕ್ 1989ರಲ್ಲಿ. ಚಿತ್ರಮಂದಿರವನ್ನೂ ವಿಡಿಯೊ ಅಂಗಡಿಯನ್ನೂ ದಾಟಿದ ಸಿನಿಮಾ ಸಾರ್ವಜನಿಕ ವಾಹಿನಿಗೆ ಬರಲು ಬಹಳ ಕಾಲ ಹಿಡಿಯುತ್ತಿದ್ದ ಆ ದಿನಗಳಲ್ಲಿ, ತಿಂಗಳ ಚಂದಾ ಕಟ್ಟಿ ಮನೆಗೊಂದು ಡಿಕೋಡರ್ (ಪ್ರಸಾರದ ಗುಪ್ತ ಸಂಕೇತ ಬಿಡಿಸುವ) ಪೆಟ್ಟಿಗೆ ತಂದವರು ಅದನ್ನು ಮೊದಲೇ, ನಡುವೆ ಜಾಹೀರಾತಿನ ಅಡ್ಡಿಯಿಲ್ಲದೆ ನೋಡಿದರು. ಕಳ್ಳ ಡಿಕೋಡರುಗಳು ಹೇರಳವಾಗಿ ಹರಡಿದ್ದೂ ಆ ಹಂಬಲಕ್ಕೆ ಸಾಕ್ಷಿಯೇ.

ಚಂದಾದಾರನ ಹಣದಿಂದ ನಡೆಯುವ ವಾಹಿನಿಗೆ ಜಾಹೀರಾತುದಾರನ ಹಂಗಿಲ್ಲ. ಪ್ರೀಮಿಯರ್, ಆಕ್ಷನ್, ಫ್ಯಾಮಿಲಿ, ಡ್ರಾಮಾ ಎಂದು ಫಿಲ್ಮ್‌ನೆಟ್‌ನ ಇಂದಿನ ರೂಪವಾದ ಫಿಲ್ಮ್1 ತನ್ನನ್ನು ವಿಂಗಡಿಸಿಕೊಂಡಾಗ, ಇಂದಿನ ರಾತ್ರಿ ಯಾವ ಚಿತ್ರ ಯೋಗ್ಯವೆಂದು ತೀರ್ಮಾನಿಸುವ ಹೊಣೆಯನ್ನು ಒಬ್ಬ ಆಯ್ಕೆಗಾರ ಹೊರುತ್ತಾನೆ. ತನ್ನದೇ ನಿರ್ಮಾಣಗಳನ್ನು ಮುಂದೊಡ್ಡುವ ಸ್ಟ್ರೀಮಿಂಗ್ ಪಟ್ಟಿಯಲ್ಲಿ ಈ ಹೊಣೆಗಾರಿಕೆಯನ್ನು ನಾನು ಕಾಣೆ.

ವಿರೋಧ

ಆ ಆಯ್ಕೆಗಾರ ಯಾರ ಕೈಕೆಳಗಿದ್ದ ಎಂಬುದನ್ನು ಮೊದಲು ಕೇಳಬೇಕು. ಆರಂಭದಲ್ಲಿ ಸ್ವೀಡನ್ನಿನ ಎಸೆಲ್ಟೆ ಪಾಲುದಾರನಾಗಿದ್ದ ಫಿಲ್ಮ್‌ನೆಟ್, ಮುಂದೆ ದಕ್ಷಿಣ ಆಫ್ರಿಕಾದ ಬಂಡವಾಳವಿದ್ದ ಟಿವಿ ಸಂಸ್ಥೆ ನೆಟ್‌ಹೋಲ್ಡ್‌ನ ಭಾಗವಾಯಿತು. 1997ರಲ್ಲಿ ಆ ಸಂಸ್ಥೆ ಫ್ರಾನ್ಸಿನ ಕನಾಲ್ ಪ್ಲಸ್ ಜೊತೆ ವಿಲೀನವಾದಾಗ ವಾಹಿನಿಯ ಹೆಸರೂ ಕನಾಲ್ ಪ್ಲಸ್ ಎಂದು ಬದಲಾಯಿತು. 2006ರ ಫೆಬ್ರುವರಿಯಲ್ಲಿ ಅದು ಫಿಲ್ಮ್1 ಮತ್ತು ಸ್ಪೋರ್ಟ್1 ಎಂದು ಎರಡಾಯಿತು. ಫಿಲ್ಮ್1 2015ರಲ್ಲಿ ಸೋನಿಗೆ, 2019ರಲ್ಲಿ ಎಸ್‌ಪಿಐ ಇಂಟರ್‌ನ್ಯಾಶನಲ್‌ಗೆ ಮಾರಾಟವಾಯಿತು. ಸ್ವತಃ ಸಿನಿಮಾ ತಯಾರಿಸುವ ಸೋನಿಯೇ ಒಡೆಯನಾಗಿದ್ದ ವರ್ಷಗಳಲ್ಲಿ ಸ್ಟ್ರೀಮಿಂಗ್‌ನವರು ತಮ್ಮ ಸರಕನ್ನೇ ಮುಂದೊಡ್ಡುತ್ತಾರೆಂಬ ದೂರು ಹೇಗೆ ನಿಲ್ಲುತ್ತದೆ?

ಇನ್ನೂ ಮುಖ್ಯವಾದ ಮಾತೊಂದಿದೆ. ಚಂದಾದಾರರನ್ನು ಹಿಡಿದಿಟ್ಟದ್ದು ಸಿನಿಮಾ ಒಂದೇ ಆಗಿರಲಿಲ್ಲ. ಡಚ್ ಲೀಗ್ ಫುಟ್‌ಬಾಲಿನ ನೇರ ಪ್ರಸಾರ ಕನಾಲ್ ಪ್ಲಸ್‌ನ ದೊಡ್ಡ ಆಸರೆಯಾಗಿತ್ತು; 2005ರಲ್ಲಿ ಆ ಹಕ್ಕು ಕೈತಪ್ಪಿದ ಮರುವರ್ಷವೇ ವಾಹಿನಿ ಹೊಸ ಹೆಸರು ಹೊತ್ತಿತು. ಬಳಿಕ ಸಿನಿಮಾ ತನ್ನ ಬಲದಿಂದಲೇ ನಿಲ್ಲಬೇಕಾಯಿತು, ಆ ನೆಲ ಎಷ್ಟು ಕಿರಿದೆಂಬುದನ್ನು ಅಮೆರಿಕದ ಚಂದಾ ವಾಹಿನಿ ಎಚ್‌ಬಿಒ ತೋರಿಸಿಕೊಟ್ಟಿತು: ಕೇಬಲ್ ಸಂಸ್ಥೆ ಜಿಗ್ಗೊ ಜೊತೆಗೂಡಿ 2012ರಲ್ಲಿ ಬಂದ ಅದರ ಡಚ್ ವಾಹಿನಿ 2016ರ ಕೊನೆಗೆ ಮುಚ್ಚಿತು. ಅಷ್ಟರಲ್ಲಿ, 2013ರ ಸೆಪ್ಟೆಂಬರಿನಲ್ಲಿ, ನೆಟ್‌ಫ್ಲಿಕ್ಸ್ ಆ ದೇಶಕ್ಕೆ ಕಾಲಿಟ್ಟಿತ್ತು.

ಜಾಹೀರಾತಿಲ್ಲದ ವೀಕ್ಷಣೆ ಸ್ಟ್ರೀಮಿಂಗ್‌ನಲ್ಲೂ ದೊರೆಯತೊಡಗಿದ ಮೇಲೆ ವಾಹಿನಿಯ ಪರ ಉಳಿಯುವ ವಾದ ವೇಳಾಪಟ್ಟಿಯೊಂದೇ. ಆದರೆ ಬೇಕೆಂದಾಗ ಬೇಕಾದ ಚಿತ್ರ ನೋಡುವ ಸೌಲಭ್ಯವನ್ನು ಫಿಲ್ಮ್1 ತಾನೇ ಚಂದಾದಾರರಿಗೆ ಒದಗಿಸಿತು. ವೇಳಾಪಟ್ಟಿಗೆ ಕಟ್ಟುಬೀಳಲು ತನ್ನ ಪ್ರೇಕ್ಷಕರು ಸಿದ್ಧರಿಲ್ಲವೆಂದು ಅದು ಒಪ್ಪಿಕೊಂಡಂತಾಯಿತು.