ಗಜ್ಜರಿಯ ಶಾಖದಲ್ಲಿ ಒಂದು ಪಾಲು

ಇವತ್ತು ಬೆಳಿಗ್ಗೆ ಹಾವಿನ ಪೆಟ್ಟಿಗೆಯೊಳಗಿನ ಗಾಳಿಯ ತೇವ ಅಳೆಯುವ ಮೀಟರು 81 ತೋರಿಸಿತು. ಇರಬೇಕಾದ್ದು 40ರಿಂದ 60ರೊಳಗೆ. ಮಳೆ ಅಂತ ನೆಪ ಹೇಳಬಹುದು, ಬೆಳಗಾವಿಯಲ್ಲಿ ಶ್ರಾವಣ ಮುಗಿಯುವತನಕ ಯಾರಿಗೂ ಬೇರೆ ನೆಪ ಬೇಕಾಗುವುದಿಲ್ಲ. ಆದರೆ ರಾತ್ರಿ ಮಲಗುವಾಗ 58 ಇದ್ದದ್ದು ಬೆಳಕು ಹರಿಯುವುದರೊಳಗೆ 81ಕ್ಕೆ ಏರಬೇಕಾದರೆ ಅದು ಮಳೆರಾಯ ಒಬ್ಬನ ಕೈಯಿಂದ ಆಗುವ ಕೆಲಸವಲ್ಲ. ಪೆಟ್ಟಿಗೆಯ ಮೇಲೆ ಏನೂ ಇರಲಿಲ್ಲ. ಮುಚ್ಚಳದ ಜಾಳಿ ಮುಟ್ಟಿ ನೋಡಿದೆ, ಹಸಿ. ಬಗ್ಗಿ ಮೂಸಿದೆ. ನಮ್ಮವರ ಬನಿಯನ್ನು.

ಹಾವು ನನ್ನದಲ್ಲ, ಮಗನದು. ಬೆಂಗಳೂರಿಗೆ ನೌಕರಿಗೆ ಹೋಗುವಾಗ ಪುಸ್ತಕ, ಗಿಟಾರು, ಹಾವು ಮೂರನ್ನೂ ನನ್ನ ಕೊರಳಿಗೆ ಕಟ್ಟಿ ಹೋದ. ಪುಸ್ತಕಕ್ಕೆ, ಗಿಟಾರಿಗೆ ಬೂಷ್ಟು ಹಿಡಿದರೆ ಕೇಳುವವರಿಲ್ಲ. ಹಾವಿನ ಬಗ್ಗೆ ಮಾತ್ರ ದಿನಾ ವಿಚಾರಣೆ. ಇದು ಕಾರ್ನ್ ಸ್ನೇಕ್ ಅನ್ನುವ ಜಾತಿ. ಮೂಲ ಅಮೆರಿಕದ ಆಗ್ನೇಯ ಭಾಗ, ವಿಷವಿಲ್ಲ, ಮೈತುಂಬ ಗಜ್ಜರಿ ಬಣ್ಣ, ಹೆಸರೂ ಗಜ್ಜರಿ. ಮನೆಗೆ ಬಂದವರು ಮೊದಲು ಕೇಳುವುದು, "ಇದನ್ನ ಇಟ್ಟಕೊಂಡ್ರ ಪೊಲೀಸರು ಬರೂದಿಲ್ಲೇನ್ರಿ?" ಅಂತ. ನಮ್ಮ ನೆಲದ ಹಾವನ್ನು, ನಾಗರವಿರಲಿ ಕೇರೆಯಿರಲಿ, ಹಿಡಿದು ಸಾಕಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಇದು ಹೊರದೇಶದ ಸಾಕುಹಾವು ಅಂತ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಈ ಮಳೆಗಾಲದಲ್ಲಿ ಮನೆಯೊಳಗೆ ಒಣಗಿದ್ದು ಅದೊಂದೇ.

ಅತ್ತೆಯವರು ಮೊದಮೊದಲು ಆ ಕೋಣೆಯ ಹೊಸ್ತಿಲು ತುಳಿಯುತ್ತಿರಲಿಲ್ಲ. ಹಾವು ಎಂಟು ಹತ್ತು ದಿನಕ್ಕೊಮ್ಮೆ ಮಾತ್ರ ಉಣ್ಣುತ್ತದೆ ಅಂತ ಗೊತ್ತಾದ ಮೇಲೆ ಭಕ್ತಿ ಹುಟ್ಟಿತು. "ನೀವು ಸೋಮವಾರ ಒಂದ ಹೊತ್ತು ಬಿಡಾಕ ಒದ್ದಾಡತೀರಿ, ಅದನ್ನ ನೋಡಿ ಕಲೀರಿ" ಅನ್ನುತ್ತಾರೆ. ಅದು ಉಣ್ಣುವುದು ಏನು, ಆ ಡಬ್ಬಿ ನಮ್ಮ ಫ್ರಿಜ್ಜಿನಲ್ಲಿ ಯಾವುದರ ಹಿಂದೆ ಅಡಗಿದೆ ಅನ್ನುವುದನ್ನು ಅವರಿಗೆ ಹೇಳಿಲ್ಲ. ನೀವೂ ಹೇಳಬೇಡಿ.

ನನ್ನ ತವರು ವಿಜಯಪುರ. ಅಲ್ಲಿ ಮುಂಜಾನೆ ಒಗೆದು ಹಾಕಿದ ಕೌದಿ ಮಧ್ಯಾಹ್ನದ ಊಟದ ಹೊತ್ತಿಗೆ ಒಣಗಿ ಗರಿಗರಿ ಆಗಿರುತ್ತದೆ. ಮಳೆ ಬಂತು ಅಂದರೆ ಕೆಲಸ ಬಿಟ್ಟು ಅಂಗಳಕ್ಕೆ ಬಂದು ನೋಡುವ ಮಂದಿ ನಾವು. ಇಲ್ಲಿ ಜಾಂಬೋಟಿ ಕಡೆಯಿಂದ ಮೋಡ ಎದ್ದವೆಂದರೆ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಊರೆಲ್ಲ ರಾಕಸಕೊಪ್ಪ ಡ್ಯಾಮು ತುಂಬಿತಾ ಅಂತ ಕೇಳುತ್ತದೆ. ತುಂಬಿದೆ, ನಮ್ಮ ಹಗ್ಗದ ಮೇಲಿನ ಅರಿವೆಗಳೂ ತುಂಬಿಕೊಂಡೇ ಇವೆ. ನಡುಮನೆಯಲ್ಲಿ ಗೋಡೆಯಿಂದ ಗೋಡೆಗೆ ಹಗ್ಗ. ಬಂದ ಬೀಗರಿಗೆ ಚಹಾ ಕೊಡುವ ಮೊದಲೇ ಯಾರದೋ ಒದ್ದೆ ಲಂಗ ಹಣೆಗೆ ಬಡಿದು ಸ್ವಾಗತ ಮಾಡುತ್ತದೆ. ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು. ಕಡ್ಡಿ ಗೀರಿದರೆ ಬೆಂಕಿಯಲ್ಲ, ಮದ್ದು ಉದುರುತ್ತದೆ.

ಉಪ್ಪಿನ ವಿಷಯ ಸ್ವಲ್ಪ ಹೇಳಬೇಕು. ಮೀಟರು ಸುಳ್ಳು ಹೇಳುತ್ತದೋ ನೋಡಲು ಮಗ ಫೋನಿನಲ್ಲಿ ಒಂದು ಉಪಾಯ ಹೇಳಿದ. ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ನಾಲ್ಕು ಹನಿ ನೀರು ಬಿಟ್ಟು ಗಟ್ಟಿಯಾಗಿ ಕಲಸಿ, ಮೀಟರಿನ ಜೊತೆ ಗಾಳಿಯಾಡದ ಚೀಲದಲ್ಲಿ ಇಡೀ ರಾತ್ರಿ ಇಡಬೇಕು. ಚೀಲದೊಳಗಿನ ಗಾಳಿಯ ತೇವ 75ಕ್ಕೆ ಬಂದು ನಿಲ್ಲುತ್ತದೆ, ಮೀಟರೂ 75 ಅನ್ನಬೇಕು. ಉಪ್ಪು ತರಲು ಹೋದರೆ ಡಬ್ಬಿಯಲ್ಲಿ ಅದು ಆಗಲೇ ನೀರೊಡೆದು ಕೂತಿತ್ತು. ಗಾಳಿಯ ತೇವ 75 ದಾಟಿದರೆ ಉಪ್ಪು ಹಾಗೆ ನೀರೆಳೆದುಕೊಳ್ಳುತ್ತದಂತೆ. ಅಂದರೆ ಮೀಟರಿಗೆ ದುಡ್ಡು ಸುರಿಯುವ ಮೊದಲೇ ನಮ್ಮ ಅಡುಗೆಮನೆಯಲ್ಲೊಂದು ಮೀಟರಿತ್ತು, ಅದಕ್ಕೆ ಅಕ್ಕಿಕಾಳು ಹಾಕಿ ನಾವು ಬಾಯಿ ಮುಚ್ಚಿಸುತ್ತಿದ್ದೆವು. ಪರೀಕ್ಷೆಯಲ್ಲಿ ಕೊಂಡ ಮೀಟರು 78 ತೋರಿಸಿತು, ಮೂರು ಹೆಚ್ಚು. ಈ ಮೂರನ್ನು ನಮ್ಮವರು ಕೇಳಿಸಿಕೊಂಡರು. ಅದು ಮುಂದೆ ವಾದಕ್ಕೆ ಬಂತು.

ನನ್ನ ಕಡೆಯಿಂದ ಮಾಡಬೇಕಾದ್ದೆಲ್ಲ ಮಾಡಿದ್ದೇನೆ. ಮಗ ಹಾಸಿದ್ದ ತೆಂಗಿನ ನಾರಿನ ಪುಡಿ ನೀರು ಹಿಡಿದಿಟ್ಟುಕೊಳ್ಳುತ್ತದೆ ಅಂತ ತೆಗೆದು, ಹಳೇ ಪೇಪರು ಹಾಸಿದೆ. ನೀರಿನ ಬಟ್ಟಲು ಬಿಸಿ ಬದಿಗಿದ್ದರೆ ಆವಿಯಾಗುತ್ತಲೇ ಇರುತ್ತದೆ ಅಂತ ತಂಪು ಬದಿಗೆ ಸರಿಸಿದೆ, ಬಟ್ಟಲೂ ಸಣ್ಣದಿಟ್ಟೆ. ಪೆಟ್ಟಿಗೆಯ ಒಂದು ಬದಿಗೆ ಕೆಳಗೆ ಬಿಸಿಯಾಗುವ ಹಾಸು, ಅದು 30 ಡಿಗ್ರಿ ದಾಟದಂತೆ ಥರ್ಮೋಸ್ಟಾಟು. ಗಾಳಿ ಬೆಚ್ಚಗಾದಷ್ಟೂ ಹೆಚ್ಚು ನೀರು ಹಿಡಿಯಬಲ್ಲದು, ಆದ್ದರಿಂದ ಮೀಟರಿನ ಅಂಕಿ ಇಳಿಯುತ್ತದೆ. ಕರೆಂಟು ಹೋಗಿ ತಣ್ಣಗಾಯಿತೋ, ಒಂದು ಹನಿ ನೀರು ಸೇರಿಸದಿದ್ದರೂ ಅಂಕಿ ಏರಿ ಗಾಜಿನ ಮೇಲೆ ಬೆವರು. ಹಸಿಯೂ ತಂಪೂ ಕೂಡಿದರೆ ಹಾವಿಗೆ ಉಸಿರಿನ ರೋಗ ಬರುತ್ತದೆ, ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ. ಹಸಿ ನೆಲದ ಮೇಲೇ ಬಿದ್ದುಕೊಂಡಿದ್ದರೆ ಹೊಟ್ಟೆಯ ಹುರುಪೆಗಳು ಕೆಂಪಾಗಿ, ಕಂದಾಗಿ, ಕೊಳೆಯಲು ಶುರು. ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಟಾರ್ಚು ಹಿಡಿದು ಹಾವಿನ ಹೊಟ್ಟೆ ನೋಡುವ ಹೆಂಗಸು ಈ ಓಣಿಯಲ್ಲಿ ನಾನೊಬ್ಬಳೇ.

ಇಷ್ಟಾದರೂ ಮೀಟರು ಏರುತ್ತಿತ್ತು. ಕಾರಣ ದಿನಾ ಬೆಳಿಗ್ಗೆ ಬಾತ್‌ರೂಮಿನಿಂದ ಟಾವೆಲ್ಲು ಸುತ್ತಿಕೊಂಡು ಹೊರಗೆ ಬರುತ್ತಿತ್ತು.

ಮೊದಲು ಬಂದದ್ದು ಕರ್ಚೀಫು. ಅಂಗೈಯಗಲದ್ದು, ಅದರಿಂದ ಏನಾಗತೈತಿ ಅಂದರು. ಖರೇ, ಏನೂ ಆಗಲಿಲ್ಲ. ಅದರ ಬೆನ್ನಿಗೆ ಕಾಲಚೀಲ ಬಂದವು. ಬಿಸಿ ಬದಿಯ ಜಾಳಿಯ ಮೇಲೆ ಎರಡೂ ಅಕ್ಕಪಕ್ಕ, ಬೆರಳಿನ ಭಾಗ ಕೆಳಮುಖವಾಗಿ. ಕಪಾಟಿನೊಳಗೆ ಒಂದು ಅರಿವೆ ಮಡಚಿಡಲು ಬಾರದ ಮನುಷ್ಯನಿಗೆ ಈ ಅಚ್ಚುಕಟ್ಟು ಎಲ್ಲಿಂದ ಬಂತೋ. ಕಾಲಚೀಲದ ನಂತರ ಬನಿಯನ್ನು. ಅದು ಹಾಸಿದರೆ ಇಡೀ ಜಾಳಿ ಮುಚ್ಚುತ್ತದೆ. ಒಳಗಿನ ಹಸಿಗಾಳಿ ಹೊರಗೆ ಹೋಗುವುದು ಬಂದ್, ಬನಿಯನ್ನಿನ ಆವಿ ಒಳಗೆ.

"ಏನ್ರಿ, ಅದು ಹಾವಿನ ಪೆಟಿಗಿ. ಒಗ್ಯಾಣದ ಅಂಗಡಿ ಅಲ್ಲ."

"ಕರೆಂಟ್ ಬಿಲ್ ಯಾರ ಕಟ್ಟತಾರ?"

"ನೀವು."

"ಹಂಗಾರ ಆ ಶಾಖದಾಗ ನಂದೂ ಒಂದ ಪಾಲ ಐತಿಲ್ಲೋ?"

"ಅದಕ್ಕ ರೋಗ ಬರತೈತ್ರಿ."

"ಹಸಿ ಬನಿಯನ್ ಹಾಕ್ಕೊಂಡು ಆಫೀಸಿಗೆ ಹೋದ್ರ ನನಗ ಬರೂದಿಲ್ಲೇನು? ಅದಕ್ಕರ ಥರ್ಮೋಸ್ಟಾಟ್ ಐತಿ. ನನಗೇನೈತಿ?"

ನಮ್ಮವರು ಇರುವುದು ನೀರಾವರಿ ಆಫೀಸಿನಲ್ಲಿ. ಯಾವ ಡ್ಯಾಮಿನಿಂದ ಬಿಟ್ಟ ನೀರು ಯಾವ ಕಾಲುವೆಗೆ, ಯಾವ ಹಳ್ಳಿಗೆ ಹೋಗುತ್ತದೆ ಅನ್ನುವುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಬನಿಯನ್ನಿನ ನೀರು ಎಲ್ಲಿ ಹೋಯಿತು ಅಂದರೆ, "ಆರಿ ಹೋತು" ಅನ್ನುತ್ತಾರೆ.

ಇಷ್ಟರಲ್ಲಿ ಗಜ್ಜರಿಯ ಕಣ್ಣು ಮಸುಕಾಗಿ ನೀಲಿಗಟ್ಟಿದವು. ಪೊರೆ ಬಿಡುವ ಮುಂಚೆ ಹಾಗಾಗುತ್ತದೆ. ಮಗ ಫೋನಿನ ಸ್ಪೀಕರಿನಲ್ಲಿ, "ಅವ್ವಾ, ಈಗೊಂದಿಷ್ಟು ದಿನಾ ತುಸು ಹಸಿ ಹೆಚ್ಚಿದ್ರೂ ನಡೀತೈತಿ. ತೀರಾ ಒಣಾ ಇದ್ರ ಪೊರಿ ತುಂಡ ತುಂಡ ಆಗಿ ಮೈಗೆ ಅಂಟಕೊಂಡ ಬಿಡತೈತಿ" ಅಂದ. ನಾನು ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ತೂತು ಕೊರೆದು, ಒಳಗೆ ಹಸಿ ಟಿಶ್ಯೂ ಹಾಕಿ ಮೂಲೆಯಲ್ಲಿಟ್ಟೆ. ಬೇಕಾದಾಗ ಹೋಗಿ ಕೂತು ಬರಲಿ, ಉಳಿದ ಪೆಟ್ಟಿಗೆ ಒಣಗೇ ಇರಲಿ ಅಂತ. ಅಷ್ಟೇ ಸಾಕಿತ್ತು. ಆದರೆ ಸ್ಪೀಕರಿನ ಮಾತು ಪಕ್ಕದಲ್ಲಿ ರೊಟ್ಟಿ ಮುರಿಯುತ್ತಿದ್ದವರ ಕಿವಿಗೂ ಬಿದ್ದಿತ್ತು.

ಮರುದಿನ ನೋಡುತ್ತೇನೆ, ಪೆಟ್ಟಿಗೆಯ ಮೇಲೆ ಬನಿಯನ್ನು, ಬನಿಯನ್ನಿನ ಮೇಲೆ ಟಾವೆಲ್ಲು, ಟಾವೆಲ್ಲಿನ ಮೇಲೆ ಕಾಲಚೀಲ. ಬಾಜೂ ಕುರ್ಚಿಯಲ್ಲಿ ನಮ್ಮವರು ಕಾಲಮೇಲೆ ಕಾಲು ಹಾಕಿಕೊಂಡು ಪೇಪರು ಓದುತ್ತಿದ್ದಾರೆ. ತಲೆ ಎತ್ತದೆಯೇ, "ಪೊರಿಗೆ ಹಸಿ ಬೇಕಂತ. ನಿನ್ನ ಮಗನ ಹೇಳ್ಯಾನ" ಅಂದರು. ಮಗ ತಪ್ಪು ಮಾಡಿದಾಗ ಮಾತ್ರ ನನ್ನ ಮಗನಾಗುತ್ತಿದ್ದ. ಈಗ ಟಾವೆಲ್ಲು ಒಣಗಿಸಲೂ ನನ್ನ ಮಗನೇ ಆದ. ಆ ದಿನಗಳಲ್ಲಿ ಅವರು ಹಾವಿನ ಆರೋಗ್ಯದ ಬಗ್ಗೆ ತೋರಿಸಿದ ಕಾಳಜಿಯನ್ನು ನನ್ನ ಬಾಣಂತನದಲ್ಲೂ ತೋರಿಸಿರಲಿಲ್ಲ. ಆಫೀಸಿಗೆ ಹೊರಡುವ ಮುಂಚೆ ಪೆಟ್ಟಿಗೆಗೆ ಬಗ್ಗಿ, "ಏನಪಾ, ಸಾಕೇನು, ಇನ್ನೊಂದ ಹಾಕಲಿ?" ಅಂತ ಕೇಳುತ್ತಿದ್ದರು. ಗಜ್ಜರಿ ಉತ್ತರ ಕೊಡಲಿಲ್ಲವಾದ್ದರಿಂದ ಇನ್ನೊಂದು ಹಾಕಿ ಹೋಗುತ್ತಿದ್ದರು. ನಾನು ತೆಗೆಯುವುದು, ಅವರು ಹಾಕುವುದು. ಪೆಟ್ಟಿಗೆಯೊಳಗೆ ಹಾವು ಇದೆ ಅನ್ನುವುದೇ ಇಬ್ಬರಿಗೂ ಮರೆತುಹೋಗುವಷ್ಟು ಜಗಳ.

ಪೊರೆ ಬಿಟ್ಟಿತು. ಮೂತಿಯಿಂದ ಬಾಲದ ತುದಿಯವರೆಗೆ ಒಂದೇ ತುಂಡು, ಕಣ್ಣಿನ ಮೇಲಿನ ಎರಡು ತೆಳ್ಳನೆಯ ಬಿಲ್ಲೆಗಳ ಸಮೇತ, ಅವಸರದಲ್ಲಿ ಒಳಹೊರಗಾಗಿ ಕಳಚಿಟ್ಟ ಕಾಲಚೀಲದಂತೆ. ನಮ್ಮವರು ಅದನ್ನು ಖಾಕಿ ಲಕೋಟೆಯಲ್ಲಿ ಹಾಕಿಕೊಂಡು ಆಫೀಸಿಗೆ ಹೋಗಿ ಮೇಜಿನಿಂದ ಮೇಜಿಗೆ ತೋರಿಸಿ ಬಂದರು. "ಎಲ್ಲೂ ಒಂದ ಹರಕಿಲ್ಲ ನೋಡ್ರಿ. ಎಲ್ಲಾ ಹಸಿ ಮೆಂಟೇನ್ ಮಾಡೂದರ ಮ್ಯಾಲ ಐತಿ" ಅಂದರಂತೆ. ನನ್ನ ತೂತಿನ ಡಬ್ಬಿಯ ಹೆಸರು ಯಾರೂ ಎತ್ತಲಿಲ್ಲ. ಪೊರೆಯ ಕೆಲಸ ಮುಗಿಯಿತಲ್ಲ, ಇನ್ನು ಟಾವೆಲ್ಲು ತೆಗೀರಿ ಅಂದರೆ, "ಮುಂದಿನ ಪೊರಿಗೆ ತಯಾರಿ ಬ್ಯಾಡೇನು?" ಅಂದರು.

ಪಂಚಮಿಯ ಕಥೆ ಬೇರೆ. ಪಕ್ಕದ ಮನೆ ವೈನಿ ಹಾಲಿನ ಗಿಂಡಿ, ಅಳ್ಳು, ಶೇಂಗಾ ಉಂಡಿ ಹಿಡಿದು ಬಾಗಿಲಿಗೆ ಬಂದರು. ಮಣ್ಣಿನ ನಾಗಪ್ಪಗ ವರ್ಷಾ ಎರೀತೀವಿ, ಖರೇನ ಹಾವು ಬಾಜೂ ಮನ್ಯಾಗಿದ್ರ ಬಿಡೂದ ಹೆಂಗ ಅಂತ ಅವರ ವಾದ. ಹಾವಿಗೆ ಹಾಲು ಜೀರ್ಣವಾಗುವುದಿಲ್ಲ ಅಂದೆ, ಒಪ್ಪಲಿಲ್ಲ. ಮೀಟರು ಏರುತ್ತದೆ ಅಂದೆ, ನನ್ನ ಮುಖವನ್ನೇ ನೋಡಿದರು. ಕೊನೆಗೆ ಅತ್ತೆಯವರು ಪೆಟ್ಟಿಗೆಯ ಮುಂದೆ ಒಂದು ಪಾತೇಲಿ ಇಟ್ಟು, "ಅದರ ಹೆಸರಿಲೆ ಇದರಾಗ ಎರೀರಿ" ಅಂದರು. ಎರೆದರು. ಆ ಹಾಲಿನಲ್ಲೇ ಎಲ್ಲರಿಗೂ ಚಹಾ ಆಯಿತು. ಉಂಡಿ ಛಲೋ ಇದ್ದವು.

ಮಗನದು ದಿನಾ ವಿಚಾರಣೆ ಅಂದೆನಲ್ಲ, ಅದು ರಾತ್ರಿ ಫೋನಿನಲ್ಲಿ. "ಅವ್ವಾ, ಎಷ್ಟೈತಿ?" ಅನ್ನುವುದೇ ಮೊದಲ ಮಾತು. ನನ್ನ ಬಿಪಿ ಎಷ್ಟಿದೆ ಅಂತಲ್ಲ, ಪೆಟ್ಟಿಗೆಯೊಳಗೆ ಎಷ್ಟು ಅಂತ. 55 ಅಂದರೆ "ಹಾಂ, ಛಲೋ ಆತು" ಅಂತ ಇಟ್ಟುಬಿಡುತ್ತಾನೆ. 75 ದಾಟಿತು ಅಂದರೆ ವಿಡಿಯೋ ಹಚ್ಚು ಅನ್ನುತ್ತಾನೆ. ನಾನು ಅವನಿಗೆ ಪೆಟ್ಟಿಗೆ ತೋರಿಸುತ್ತೇನೆ. ನನಗೆ ಅವನ ಕೋಣೆ ಕಾಣುತ್ತದೆ. ಕುರ್ಚಿಯ ಮೇಲೆ ಅರಿವೆಯ ಗುಡ್ಡೆ, ಮೇಜಿನ ಮೇಲೆ ಅರ್ಧ ತಿಂದಿಟ್ಟ ಪೊಟ್ಟಣ, ಗಡ್ಡ ಬಿಟ್ಟು ಸೊರಗಿದ ಮುಖ. ಊಟ ಆತೇನಪಾ ಅಂದರೆ, "ಮೊದಲ ಆ ತಂಪ ಬದೀ ತೋರಸ" ಅನ್ನುತ್ತಾನೆ. ದೀಪಾವಳಿ ದಾಟಿ ಒಣಗಾಳಿ ಬಿಟ್ಟ ಮೇಲೆ ಅಂಕಿ ತಾನೇ 45ಕ್ಕೆ ಬಂದು ಕೂಡುತ್ತದೆ. ಆಗ ಅವನು ಏನು ಕೇಳಲು ಫೋನು ಮಾಡುತ್ತಾನೋ. ಹಾಗಂತ ನಾನೇನೂ ಬನಿಯನ್ನಿಗೆ ಪರವಾನಗಿ ಕೊಟ್ಟಿಲ್ಲ.

ಕೊಟ್ಟಿಲ್ಲವಾದ್ದರಿಂದ ಈಗ ಕಳ್ಳದಂಧೆ ನಡೆದಿದೆ. ಎಲ್ಲರೂ ಮಲಗಿದ ಮೇಲೆ ಹಾಸುವುದು, ನಾನು ಏಳುವ ಮುಂಚೆ ತೆಗೆಯುವುದು. ಅವರಿಗೆ ಗೊತ್ತಿಲ್ಲದ್ದು ಏನೆಂದರೆ ಮೀಟರಿಗೆ ಒಂದು ಗುಂಡಿ ಇದೆ, ಒತ್ತಿದರೆ ಹಿಂದೆ ಎಲ್ಲಿತನಕ ಏರಿತ್ತು ಅನ್ನುವುದನ್ನೂ ತೋರಿಸುತ್ತದೆ. ಇವತ್ತು ಒತ್ತಿದೆ: 86. ಚಹಾದ ಕಪ್ಪು ಕೈಗೆ ಕೊಡುತ್ತ, "ರಾತ್ರಿ 86ಕ್ಕ ಹೋಗಿತ್ತಲ್ರಿ" ಅಂದೆ. ಒಂದು ಗುಟುಕು ಕುಡಿದು, ಯೋಚನೆ ಮಾಡಿ, "83" ಅಂದರು. "ಮೀಟರ್ ಮೂರ ಹೆಚ್ಚ ತೋರಸತೈತಿ ಅಂತ ನೀನ ಹೇಳಿದ್ದಿ."

ಇದರ ನಡುವೆ ಮಗ ಹೊಸ ಸುದ್ದಿ ಎತ್ತಿದ್ದಾನೆ. ಗಜ್ಜರಿ ಬೆಳೆಯುತ್ತಿದೆ, ಈ ಜಾತಿ ನಾಲ್ಕೈದು ಅಡಿ ಆಗುತ್ತದೆ, ಚೆನ್ನಾಗಿ ನೋಡಿಕೊಂಡರೆ ಹದಿನೈದು ಇಪ್ಪತ್ತು ವರ್ಷ ಬದುಕುತ್ತದೆ, ದೊಡ್ಡ ಪೆಟ್ಟಿಗೆ ಬೇಕಂತೆ. ಛತ್ರಿಯ ಕಡ್ಡಿ ರಿಪೇರಿ ಮಾಡಿಸಲೂ ವಾರ ಯೋಚಿಸುವ ನಮ್ಮವರು ಒಂದೇ ಮಾತಿಗೆ "ಮಾಡಸೋಣು" ಅಂದರು. ನನಗೆ ಆಗಲೇ ಸಂಶಯ ಬಂತು. ಒಳಗೆ ಹೋಗಿ ನೋಡಿದರೆ ಅಳತೆಯ ಟೇಪು ಹಿಡಿದು ಹಾಸಿಗೆಯ ಮೇಲೆ ಬಗ್ಗಿದ್ದಾರೆ. ಅಳೆಯುತ್ತಿರುವುದು ಹಾವನ್ನಲ್ಲ.

"ಪ್ಯಾಂಟ್ ನಲವತ್ತೆರಡ ಇಂಚ ಐತಿ" ಅಂದರು. "ಮುಚ್ಚಳಾ ನಾಕ ಫೂಟ್ ಇಡಸಾಕ ಹೇಳ. ಮಡಚೂದು ತಪ್ಪತೈತಿ."